ಗ್ಯಾರೇಜಿಗೆ ಸಬ್‌ಪ್ಯಾನೆಲ್: ನಾಲ್ಕನೇ ವೈರ್ ಬೇಕೇ ಬೇಕಾ, ಅರ್ಥ್ ಪಿಟ್ ಸಾಕಾ?

ತೀರ್ಥಹಳ್ಳಿ_ಓಹಾಯೋ

ಎಲ್ಲರಿಗೂ ನಮಸ್ಕಾರ. ನಾವಿರುವುದು ಓಹಾಯೋದಲ್ಲಿ, ಕೊಲಂಬಸ್ ಹತ್ತಿರ. ಮನೆಯ ಹಿಂದೆ ಸುಮಾರು 80 ಅಡಿ ದೂರದಲ್ಲಿ ಬೇರೆಯಾಗಿ ಕಟ್ಟಿದ ಗ್ಯಾರೇಜ್ ಇದೆ. ಸದ್ಯ ಅಲ್ಲಿಗೆ ಹೋಗಿರುವುದು 20 ಆಂಪಿಯರ್‌ನ ಒಂದೇ ಲೈನ್. ಒಂದು ಲೈಟು, ಎರಡು ಪ್ಲಗ್ಗು, ಅಷ್ಟೇ. ಮರಗೆಲಸಕ್ಕೆ ಟೇಬಲ್ ಸಾ ತಂದಿದ್ದೇನೆ, 240 ವೋಲ್ಟಿನ ಕಂಪ್ರೆಸರ್ ತರುವ ಯೋಚನೆ ಇದೆ. ಹಾಗಾಗಿ ಮನೆಯ 200 ಆಂಪಿಯರ್ ಮೇನ್ ಪ್ಯಾನೆಲ್‌ನಿಂದ 60 ಆಂಪಿಯರ್ ಬ್ರೇಕರ್ ಹಾಕಿ ಗ್ಯಾರೇಜಿನಲ್ಲಿ ಸಬ್‌ಪ್ಯಾನೆಲ್ (ಮೇನ್‌ನಿಂದ ಕರೆಂಟ್ ಪಡೆಯುವ ಎರಡನೇ ಬ್ರೇಕರ್ ಡಬ್ಬ) ಕೂರಿಸಬೇಕು.

ಗೊಂದಲ ಇರುವುದು ಗ್ರೌಂಡ್, ಅಂದರೆ ನಮ್ಮ ಕಡೆಯ ಅರ್ಥ್ ವಿಷಯದಲ್ಲಿ. ಮನೆಯ ಪ್ಯಾನೆಲ್ ಮುಚ್ಚಳ ತೆಗೆದು ನೋಡಿದರೆ ಬಿಳಿ (ನ್ಯೂಟ್ರಲ್) ವೈರ್‌ಗಳೂ ಬರಿ ತಾಮ್ರದ (ಗ್ರೌಂಡ್) ವೈರ್‌ಗಳೂ ಒಂದೇ ಬಾರ್‌ಗೆ, ಅಂದರೆ ಲೋಹದ ಪಟ್ಟಿಗೆ ಬಂದು ಸೇರಿವೆ. ಎರಡೂ ಒಂದೇ ಅಂದಮೇಲೆ ಗ್ಯಾರೇಜಿಗೆ ಬೇರೆ ಬೇರೆ ಎಳೆಯುವುದು ಯಾಕೆ? ಶಿವಮೊಗ್ಗದಲ್ಲಿ ವೈರಿಂಗ್ ಕಾಂಟ್ರಾಕ್ಟ್ ಮಾಡುವ ನಮ್ಮ ಭಾವ ಹೇಳುವುದೂ ಅದನ್ನೇ: "ಎರಡು ಫೇಸು, ಒಂದು ನ್ಯೂಟ್ರಲ್ ತಗೊಂಡು ಹೋಗು, ಗ್ಯಾರೇಜ್ ಪಕ್ಕ ಒಳ್ಳೆ ಅರ್ಥ್ ಪಿಟ್ ಮಾಡು, ಮುಗೀತು." ಪಕ್ಕದ ಮನೆಯವರ ಗ್ಯಾರೇಜಿಗೂ ಮೂರೇ ವೈರ್ ಹೋಗಿದೆ. ಹೊಸ ಪ್ಯಾನೆಲ್ ಡಬ್ಬದಲ್ಲಿ ಒಂದು ಹಸಿರು ಸ್ಕ್ರೂ ಬೇರೆ ಕೊಟ್ಟಿದ್ದಾರೆ. ಅದನ್ನು ಹಾಕಬೇಕಾ, ಬೇಡವಾ?

ಫ್ರೀಮಾಂಟ್_ಪುತ್ತೂರು

ನಾಲ್ಕು ವೈರ್. ಹಸಿರು ಸ್ಕ್ರೂ ಹಾಕಬೇಡಿ. ಕಾರಣವನ್ನು ಜರ್ಸಿಯವರು ಬಂದು ಬರೆಯುತ್ತಾರೆ, ಅವರ ಕಸುಬೇ ಇದು.

ಜರ್ಸಿ_ವೈರಿಂಗ್

ಕರೆದದ್ದಕ್ಕೆ ಬಂದೆ. ನಾನು ನ್ಯೂಜೆರ್ಸಿಯಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳಬೇಕು. ಇಲ್ಲಿ ತಪ್ಪಿದರೂ ಲೈಟು ಉರಿಯುತ್ತದೆ, ಮೋಟರ್ ತಿರುಗುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ತಪ್ಪು ಗೊತ್ತಾಗುವುದು ಯಾರಿಗಾದರೂ ಶಾಕ್ ಹೊಡೆದ ದಿನವೇ.

ನ್ಯೂಟ್ರಲ್ ದಿನವೂ ಕರೆಂಟ್ ಹೊರುವ ವೈರ್. 120 ವೋಲ್ಟಿನ ಲೈಟು ಉರಿದರೆ ಕಪ್ಪು ವೈರ್‌ನಲ್ಲಿ ಹೋದಷ್ಟೇ ಕರೆಂಟ್ ಬಿಳಿಯಲ್ಲಿ ವಾಪಸ್ ಬರುತ್ತದೆ. ಗ್ರೌಂಡ್ ವೈರ್‌ನಲ್ಲಿ ಮಾಮೂಲಿ ದಿನಗಳಲ್ಲಿ ಏನೂ ಹರಿಯಬಾರದು. ಎಲ್ಲೋ ಒಂದು ಫೇಸ್ ವೈರ್ ಸುಲಿದು ಲೋಹದ ಬಾಡಿಗೆ ತಾಗಿದಾಗ ಮಾತ್ರ ಅದಕ್ಕೆ ಕೆಲಸ. ಆ ಕ್ಷಣದಲ್ಲಿ ನೂರಾರು ಆಂಪಿಯರ್ ಹೊತ್ತು ಬ್ರೇಕರ್ ಬೀಳಿಸಬೇಕು.

ಈ ಎರಡನ್ನೂ ಒಂದು ಕಡೆ ಸೇರಿಸಲೇಬೇಕು. ಸೇರಿಸದಿದ್ದರೆ ಗ್ರೌಂಡ್ ವೈರ್‌ನಲ್ಲಿ ಬಂದ ಕರೆಂಟ್‌ಗೆ ಟ್ರಾನ್ಸ್‌ಫಾರ್ಮರ್‌ಗೆ ಮರಳುವ ದಾರಿಯೇ ಇರುವುದಿಲ್ಲ. ಆದರೆ ಸೇರಬೇಕಾದ್ದು ಒಂದೇ ಜಾಗದಲ್ಲಿ: ಮೀಟರ್ ಆದಮೇಲೆ ಮೊದಲು ಸಿಗುವ ಮೇನ್ ಸ್ವಿಚ್ ಎಲ್ಲಿದೆಯೋ ಅಲ್ಲಿ. ನಿಮ್ಮ ಮನೆಯ ಪ್ಯಾನೆಲ್‌ನಲ್ಲಿ ಎರಡೂ ಒಂದೇ ಬಾರ್‌ನಲ್ಲಿರುವುದು ಅದಕ್ಕೇ. ಅಲ್ಲಿಂದ ಮುಂದೆ ಎರಡೂ ಮತ್ತೆಲ್ಲೂ ಕೂಡಬಾರದು.

ಈಗ ಗ್ಯಾರೇಜಿನಲ್ಲೂ ಆ ಹಸಿರು ಸ್ಕ್ರೂ ಬಿಗಿದಿರಿ ಅಂದುಕೊಳ್ಳಿ. ಸ್ಕ್ರೂ ನ್ಯೂಟ್ರಲ್ ಬಾರನ್ನು ನೇರವಾಗಿ ತಗಡಿನ ಡಬ್ಬಕ್ಕೆ ಕಟ್ಟಿಬಿಡುತ್ತದೆ. ಆಗ ವಾಪಸ್ ಹೋಗುವ ಕರೆಂಟ್‌ಗೆ ಎರಡು ದಾರಿ. ಒಂದು ಪಾಲು ಬಿಳಿ ವೈರ್‌ನಲ್ಲಿ ಹೋಗುತ್ತದೆ, ಇನ್ನೊಂದು ಪಾಲು ಗ್ರೌಂಡ್ ವೈರ್, ಡಬ್ಬ, ಲೋಹದ ಪೈಪು, ಎಲ್ಲೆಲ್ಲಿ ದಾರಿ ಇದೆಯೋ ಅಲ್ಲೆಲ್ಲ ಹರಿಯುತ್ತದೆ. ಇದು ದಿನವೂ ನಡೆಯುವ ಸಂಗತಿ. ಕೆಟ್ಟದ್ದು ಇನ್ನೂ ಮುಂದಿದೆ. ಬಿಳಿ ವೈರ್ ಲಗ್‌ನಲ್ಲಿ (ದಪ್ಪ ವೈರನ್ನು ಸ್ಕ್ರೂನಿಂದ ಬಿಗಿಯುವ ಲೋಹದ ಹಿಡಿ) ಸಡಿಲವಾಗಿ ಕಳಚಿತು ಅನ್ನಿ. ಅದರ ಪೂರ್ತಿ ಕರೆಂಟನ್ನು ತೆಳು ಗ್ರೌಂಡ್ ವೈರ್ ಹೊರುತ್ತದೆ. ಯಾವ ಬ್ರೇಕರ್ ಕೂಡ ಬೀಳುವುದಿಲ್ಲ, ನಿಮಗೆ ಸುಳಿವೂ ಸಿಗುವುದಿಲ್ಲ. ಆ ಗ್ರೌಂಡ್ ವೈರೂ ಕಿತ್ತರೆ, ಅಥವಾ ನೀವು ಮೊದಲೇ ಮೂರು ವೈರ್ ಮಾತ್ರ ಎಳೆದಿದ್ದರೆ, ಗ್ಯಾರೇಜಿನ ಪ್ಯಾನೆಲ್ ಡಬ್ಬ, ಟೇಬಲ್ ಸಾ ಬಾಡಿ, ಕಂಪ್ರೆಸರ್ ಟ್ಯಾಂಕು, ಎಲ್ಲವೂ ಲೈವ್ ಆಗಿ ನಿಲ್ಲುತ್ತವೆ. ಸಿಮೆಂಟ್ ನೆಲದ ಮೇಲೆ ನಿಂತು ಸಾ ಮುಟ್ಟಿದವರ ಗತಿ ಏನು ಹೇಳಿ.

ಅದಕ್ಕೇ ಅಮೆರಿಕದ ಎಲೆಕ್ಟ್ರಿಕಲ್ ಕೋಡ್ ನಾಲ್ಕು ವೈರ್ ಕೇಳುತ್ತದೆ: ಕಪ್ಪು ಮತ್ತು ಕೆಂಪು ಫೇಸ್ (ಒಂದೊಂದೂ 120 ವೋಲ್ಟ್, ಎರಡರ ನಡುವೆ 240), ಬಿಳಿ ನ್ಯೂಟ್ರಲ್, ಹಸಿರು ಗ್ರೌಂಡ್. ಸಬ್‌ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಬಾರ್ ಪ್ಲಾಸ್ಟಿಕ್ ಕಾಲಿನ ಮೇಲೆ ಡಬ್ಬಕ್ಕೆ ತಾಗದಂತೆ ಕೂತಿರುತ್ತದೆ, ಅದನ್ನು ಹಾಗೇ ಬಿಡಿ. ಗ್ರೌಂಡ್‌ಗೆ ಬೇರೆ ಬಾರ್ ಕೊಂಡುಕೊಂಡು ಡಬ್ಬದ ತಗಡಿಗೇ ಸ್ಕ್ರೂ ಮಾಡಿ. ಎಷ್ಟೋ ಪ್ಯಾನೆಲ್‌ಗಳ ಜೊತೆ ಅದು ಬರುವುದಿಲ್ಲ, ಅದೇ ಕಂಪನಿಯದನ್ನು ಬೇರೆಯಾಗಿ ತಗೋಬೇಕು. ಹಸಿರು ಸ್ಕ್ರೂ ನಿಮಗೆ ಬೇಡ.

ಒಂಟಿಕೊಪ್ಪಲ್

ಜರ್ಸಿಯವರು ಬರೆದದ್ದು ಚೆನ್ನಾಗಿದೆ. ಆದರೆ ಶಿವಮೊಗ್ಗದ ಭಾವನವರನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ಮೈಸೂರಿನವನು, ವಿದ್ಯುತ್ ಕೆಲಸದಲ್ಲೇ ನಿವೃತ್ತನಾದವನು. ನಮ್ಮ ಕಡೆ ಮನೆಗೆ ಬರುವುದು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ಥ್ ನಮ್ಮದೇ. ಮನೆ ಪಕ್ಕ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಇದ್ದಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹುಯ್ದು ಕಾಪಾಡಿಕೊಂಡು ಬಂದಿದ್ದೇವೆ. ಲಕ್ಷಾಂತರ ಮನೆಗಳು ಹೀಗೇ ನಡೆದಿವೆ. ಅಲ್ಲಿ ಮಾತ್ರ ಪಿಟ್ ಕೆಲಸಕ್ಕೆ ಬರುವುದಿಲ್ಲ ಅಂದರೆ ಹೇಗೆ?

ಜರ್ಸಿ_ವೈರಿಂಗ್

ಸರ್, ನಿಮ್ಮಂಥವರು ಕೇಳಿದ್ದು ಒಳ್ಳೆಯದೇ ಆಯಿತು. ಲೆಕ್ಕ ಹಾಕಿಯೇ ನೋಡೋಣ.

ಇಲ್ಲಿ ಪಿಟ್ ಬದಲು ನೆಲಕ್ಕೆ ಹೊಡೆಯುವ ಲೋಹದ ಸರಳು, ಗ್ರೌಂಡ್ ರಾಡ್. ಒಂದೇ ರಾಡ್ ಸಾಕು ಅನ್ನಿಸಿಕೊಳ್ಳಲು ಅದರ ರೆಸಿಸ್ಟೆನ್ಸ್ 25 ಓಮ್ ಒಳಗಿರಬೇಕು. ಅಷ್ಟು ಒಳ್ಳೆಯ ರಾಡೇ ಸಿಕ್ಕಿದೆ ಅಂದುಕೊಳ್ಳಿ. 120 ವೋಲ್ಟಿನ ಫೇಸ್ ವೈರ್ ಟೇಬಲ್ ಸಾ ಬಾಡಿಗೆ ತಾಗಿತು, ವಾಪಸ್ ಹೋಗಲು ಮಣ್ಣು ಬಿಟ್ಟು ಬೇರೆ ದಾರಿ ಇಲ್ಲ. 120 ಭಾಗ 25, ಅಂದರೆ 4.8 ಆಂಪಿಯರ್. 20 ಆಂಪಿಯರ್ ಬ್ರೇಕರ್‌ಗೆ ಇದು ಯಾವ ಲೆಕ್ಕಕ್ಕೂ ಇಲ್ಲ, ಸಾ ಬಾಡಿ ಲೈವ್ ಆಗಿಯೇ ಇರುತ್ತದೆ.

ಈಗ ನಾಲ್ಕನೇ ವೈರ್ ಇದೆ ಅನ್ನಿ. 80 ಅಡಿ ಉದ್ದದ 10 ಗೇಜ್ ತಾಮ್ರದ ರೆಸಿಸ್ಟೆನ್ಸ್ ಸುಮಾರು 0.1 ಓಮ್ (ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ). ಅದೇ ಉದ್ದದ 6 ಗೇಜ್ ಫೇಸ್ ವೈರ್‌ನದು ಸುಮಾರು 0.04. ಗೋಡೆಯೊಳಗಿನ ವೈರು, ಬೀದಿಯಿಂದ ಬರುವ ಲೈನು ಎಲ್ಲ ಸೇರಿಸಿದರೂ ಹರಿಯುವುದು ನೂರಾರು ಆಂಪಿಯರ್. ಬ್ರೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಕರೆಂಟ್ ಹುಟ್ಟಿದ ಟ್ರಾನ್ಸ್‌ಫಾರ್ಮರ್‌ಗೇ ಮರಳುತ್ತದೆ, ಭೂಮಿಗೆ ಇಳಿದು ಮಾಯವಾಗುವುದಿಲ್ಲ. ಮಣ್ಣಿನ ದಾರಿ ತುಂಬ ಸೊರಗಿದ ದಾರಿ. ಇದೊಂದು ತಲೆಯಲ್ಲಿ ಕೂತರೆ ಉಳಿದ ಎಲ್ಲ ನಿಯಮವೂ ತಾನಾಗಿಯೇ ಅರ್ಥವಾಗುತ್ತದೆ.

ಒಂಟಿಕೊಪ್ಪಲ್

ಒಪ್ಪಿದೆ. ಇದೇ ಲೆಕ್ಕ ನಮ್ಮ ಊರಿಗೂ ಹಾಕಬೇಕು, ಜನ ಹಾಕುವುದಿಲ್ಲ. 230 ವೋಲ್ಟ್, ಪಿಟ್ ಚೆನ್ನಾಗಿದ್ದು 5 ಓಮ್ ಇದೆ ಅನ್ನೋಣ. ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 32 ಆಂಪಿಯರ್‌ನ ಸಿ ಟೈಪ್ ಎಂಸಿಬಿ (ನಮ್ಮ ಕಡೆಯ ಬ್ರೇಕರ್) ತಕ್ಷಣ ಬೀಳಬೇಕಾದರೆ ಅದರ 5ರಿಂದ 10 ಪಟ್ಟು ಬೇಕು. 46ಕ್ಕೆ ಅದು ಬಿಸಿಯಾಗುತ್ತಾ ಕೂರುತ್ತದೆ. ನಮ್ಮಲ್ಲಿ ಪಿಟ್ ಜೊತೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಬೀಳುವ ಸ್ವಿಚ್) ಇರಲೇಬೇಕು ಎನ್ನುವುದು ಈ ಕಾರಣಕ್ಕೆ. ಆರ್‌ಸಿಸಿಬಿ ಇದ್ದರೆ ಪಿಟ್ 100 ಓಮ್ ಇದ್ದರೂ 3 ವೋಲ್ಟ್ ಏರುವಷ್ಟರಲ್ಲಿ ಬೀಳುತ್ತದೆ. ಊರಿನಲ್ಲಿ ಆರ್‌ಸಿಸಿಬಿ ಇಲ್ಲದೆ ಬರಿ ಪಿಟ್ ನಂಬಿಕೊಂಡ ಮನೆ ಯಾರದ್ದಾದರೂ ಇದ್ದರೆ ದಯವಿಟ್ಟು ಈ ವಾರವೇ ಹಾಕಿಸಿ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಲ್ಲಂತೂ ತಡ ಮಾಡಬೇಡಿ. ಬಚ್ಚಲಲ್ಲಿ ಗೀಸರ್ ಇರುತ್ತದೆ.

ಭಾವನವರ ಮಾತು ನಮ್ಮ ಊರಿನ ವ್ಯವಸ್ಥೆಗೆ ಹುಟ್ಟಿದ ಮಾತು. ಅದನ್ನು ಓಹಾಯೋಗೆ ತಗೊಂಡು ಹೋದರೆ ಅರ್ಧವೇ ಹೋಗುತ್ತದೆ, ಆರ್‌ಸಿಸಿಬಿ ಇಲ್ಲೇ ಉಳಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಬಣ್ಣ! ನಮ್ಮಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸ್. ಅಮೆರಿಕದಲ್ಲಿ ಕಪ್ಪೇ ಫೇಸ್. ನಮ್ಮ ಕಡೆ ಕೈ ಪಳಗಿದವರು ಅಲ್ಲಿ ಡಬ್ಬ ತೆಗೆದು ಕಪ್ಪು ವೈರ್ ಮುಟ್ಟಲು ಹೋದಾರು, ಜೋಪಾನ.

ಜರ್ಸಿ_ವೈರಿಂಗ್

ಸರ್, ಬಣ್ಣದ ಮಾತು ನಾನೇ ಮೊದಲು ಬರೆಯಬೇಕಿತ್ತು. ಫೋನಿನಲ್ಲಿ ಊರಿಂದ ಸಲಹೆ ತಗೊಳ್ಳುವವರು ಬಣ್ಣದ ಹೆಸರಲ್ಲಿ ಮಾತಾಡಲೇಬೇಡಿ. ಫೇಸ್, ನ್ಯೂಟ್ರಲ್, ಗ್ರೌಂಡ್ ಅಂತಲೇ ಹೇಳಿ.

ತೀರ್ಥಹಳ್ಳಿ_ಓಹಾಯೋ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಭಾವನಿಗೆ ಈ ಲೆಕ್ಕ ಕಳಿಸಿದೆ, ಅವನೂ ಒಪ್ಪಿದ. ಹಾಗಾದರೆ ಗ್ಯಾರೇಜ್ ಹತ್ತಿರ ರಾಡ್ ಹೊಡೆಯುವುದೇ ಬೇಡ ಅಲ್ವಾ? ರಾಡ್‌ನಿಂದ ಬ್ರೇಕರ್ ಬೀಳುವುದಿಲ್ಲ ಅಂದಮೇಲೆ ಸುಮ್ನೆ ಯಾಕೆ?

ಜರ್ಸಿ_ವೈರಿಂಗ್

ಬೇಕು. ಅದರ ಕೆಲಸ ಬೇರೆ. ಸಿಡಿಲು ಹತ್ತಿರದಲ್ಲಿ ಹೊಡೆದಾಗ, ಅಥವಾ ಕಂಬದ ಮೇಲೆ ಹೈ ಟೆನ್ಶನ್ ಲೈನ್ ತುಂಡಾಗಿ ಕೆಳಗಿನ ಲೈನಿಗೆ ತಾಗಿದಾಗ, ಆ ಹೊಡೆತ ನೆಲಕ್ಕೆ ಇಳಿಯಲು ದಾರಿ ಬೇಕು. ಮಾಮೂಲಿ ದಿನಗಳಲ್ಲೂ ಗ್ಯಾರೇಜಿನ ಲೋಹ ಮತ್ತು ಅಲ್ಲಿಯ ನೆಲ, ಇವುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಕಡಿಮೆ ಇರಬೇಕು. ಅದಕ್ಕೆ ರಾಡ್. ಶಾಕ್ ತಪ್ಪಿಸುವುದು ನಾಲ್ಕನೇ ವೈರ್. ಎರಡೂ ಇರಬೇಕು, ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಬೇರೆ ಕಟ್ಟಡಕ್ಕೆ ಫೀಡರ್ (ಮೇನ್‌ನಿಂದ ಸಬ್‌ಪ್ಯಾನೆಲ್‌ಗೆ ಹೋಗುವ ಲೈನು) ಹೋದರೆ ಅಲ್ಲಿ ರಾಡ್ ಇರಲೇಬೇಕು ಎನ್ನುವುದು ಕೋಡ್. 8 ಅಡಿಯ ರಾಡ್, ಪೂರ್ತಿ ನೆಲದೊಳಗೆ. ಒಂದೇ ರಾಡ್ 25 ಓಮ್ ಒಳಗಿದೆ ಎಂದು ಅಳೆದು ತೋರಿಸಬೇಕು, ಇಲ್ಲದಿದ್ದರೆ ಎರಡು ಹೊಡೆಯಬೇಕು. ಅಳೆಯುವ ಮೀಟರ್ ದುಬಾರಿ, ಇನ್ನೊಂದು ರಾಡ್ ಅಗ್ಗ, ಹಾಗಾಗಿ ಎಲ್ಲರೂ ಎರಡು ಹೊಡೆಯುತ್ತಾರೆ. ಎರಡರ ನಡುವೆ ಕನಿಷ್ಠ 6 ಅಡಿ ಬಿಡಿ. 6 ಗೇಜ್ ತಾಮ್ರದ ವೈರ್ ಸಾಕು. ಆ ವೈರ್ ಬಂದು ಸೇರಬೇಕಾದ್ದು ಗ್ರೌಂಡ್ ಬಾರ್‌ಗೆ. ನ್ಯೂಟ್ರಲ್ ಬಾರ್‌ಗಲ್ಲ.

ಈಗ ಗ್ಯಾರೇಜಿಗೆ ಹೋಗಿರುವ ಒಂದೇ 20 ಆಂಪಿಯರ್ ಲೈನಿಗೆ ರಾಡ್ ಇಲ್ಲ, ಅಲ್ವಾ? ಗ್ರೌಂಡ್ ವೈರ್ ಸಮೇತ ಒಂದೇ ಸರ್ಕ್ಯೂಟ್ ಹೋದರೆ ರಾಡ್ ಬೇಡ ಎಂಬ ವಿನಾಯಿತಿ ಇದೆ. ಸಬ್‌ಪ್ಯಾನೆಲ್ ಬಂದ ತಕ್ಷಣ ಆ ವಿನಾಯಿತಿ ಹೋಯಿತು. ಒಂದು ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ಕಡೆಯಿಂದ ಕರೆಂಟ್ ಹೋಗಬೇಕು, ಹಾಗಾಗಿ ಹಳೆಯ ಲೈನನ್ನು ಮನೆಯಿಂದ ಬಿಡಿಸಿ ಹೊಸ ಪ್ಯಾನೆಲ್‌ಗೇ ಸೇರಿಸಿ. ಗ್ಯಾರೇಜಿನ ಮೇನ್ ಆಫ್ ಮಾಡಿದಮೇಲೂ ಒಂದು ಪ್ಲಗ್ ಲೈವ್ ಇದ್ದರೆ ಎಂಥ ಅಪಾಯ ನೋಡಿ.

ಫ್ರೀಮಾಂಟ್_ಪುತ್ತೂರು

ನಮ್ಮ ಗ್ಯಾರೇಜ್ ಮನೆಗೆ ಅಂಟಿಕೊಂಡೇ ಇದೆ. ಅಲ್ಲಿ ಸಬ್‌ಪ್ಯಾನೆಲ್ ಹಾಕಿದರೂ ರಾಡ್ ಬೇಕಾ?

ಜರ್ಸಿ_ವೈರಿಂಗ್

ಬೇಡ. ಒಂದೇ ಕಟ್ಟಡ, ಮನೆಯ ರಾಡೇ ಸಾಕು. ನ್ಯೂಟ್ರಲ್ ಗ್ರೌಂಡ್ ಬೇರೆ ಇಡುವ ನಿಯಮ ಮಾತ್ರ ಹಾಗೇ. ಒಂದು ವಿಷಯ ನೋಡಿಕೊಳ್ಳಿ: ನಿಮ್ಮದು ಹೊಸ ಮನೆಯಾಗಿದ್ದು ಮೇನ್ ಸ್ವಿಚ್ ಹೊರಗೆ ಮೀಟರ್ ಪಕ್ಕ ಇದ್ದರೆ, ಒಳಗಿನ ದೊಡ್ಡ ಪ್ಯಾನೆಲ್ ಕೂಡ ಸಬ್‌ಪ್ಯಾನೆಲ್ಲೇ. ಅಲ್ಲೂ ಎರಡು ಬಾರ್ ಬೇರೆ ಇರುತ್ತವೆ. ಪ್ಯಾನೆಲ್ ದೊಡ್ಡದಾ ಚಿಕ್ಕದಾ ಮುಖ್ಯವಲ್ಲ, ಮೊದಲ ಸ್ವಿಚ್ ಎಲ್ಲಿದೆ ಎನ್ನುವುದು ಮುಖ್ಯ.

ಮಿಷಿಗನ್_ಅಕ್ಕ

ತೀರ್ಥಹಳ್ಳಿಯವರೇ, ವೈರ್ ಪೈಪ್ ಹೂಳಲು ಕಾಲುವೆ ತೋಡುವ ಮುಂಚೆ ಒಂದು ಮಾತು. ಮುಂದೆ ಎಲೆಕ್ಟ್ರಿಕ್ ಕಾರ್ ತಗೊಳ್ಳುವ ಯೋಚನೆ ಇದೆಯಾ? ಇದ್ದರೆ 60 ಆಂಪಿಯರ್ ಸಾಲದೇ ಹೋಗಬಹುದು. ಕಾರ್ ಚಾರ್ಜಿಂಗ್ ಗಂಟೆಗಟ್ಟಲೆ ನಡೆಯುವ ಲೋಡ್, ಹಾಗಾಗಿ ಸರ್ಕ್ಯೂಟ್ 125 ಪರ್ಸೆಂಟ್ ಲೆಕ್ಕದಲ್ಲಿ ಇರಬೇಕು. 48 ಆಂಪಿಯರ್ ಚಾರ್ಜರ್‌ಗೆ 60 ಆಂಪಿಯರ್ ಸರ್ಕ್ಯೂಟ್, 32 ಆಂಪಿಯರ್ ಚಾರ್ಜರ್‌ಗೆ 40. ಅಂದರೆ ದೊಡ್ಡ ಚಾರ್ಜರ್ ಒಂದೇ ನಿಮ್ಮ ಇಡೀ ಫೀಡರ್ ನುಂಗಿಬಿಡುತ್ತದೆ. ನಾವು 32ರದ್ದೇ ಹಾಕಿಸಿಕೊಂಡಿದ್ದೇವೆ. ರಾತ್ರಿ ಹಚ್ಚಿದರೆ ಬೆಳಗ್ಗೆ ಹೊತ್ತಿಗೆ ಬೇಕಾದಷ್ಟು ತುಂಬಿರುತ್ತದೆ, ನನ್ನ ಓಡಾಟಕ್ಕೆ ಅದು ಜಾಸ್ತಿಯೇ.

ವೈರ್ ಆಮೇಲೆ ಬದಲಾಯಿಸಬಹುದು, ಕಾಲುವೆ ಮತ್ತೆ ತೋಡುವುದು ಯಾರಿಗೂ ಬೇಡ. ಪೈಪ್ ದೊಡ್ಡದೇ ಹಾಕಿ.

ತೀರ್ಥಹಳ್ಳಿ_ಓಹಾಯೋ

ಅಕ್ಕಾ, ಕಾರ್ ಯೋಚನೆ ಇದೆ, ಸದ್ಯಕ್ಕಲ್ಲ. ಮನೆಯ ಗೋಡೆಯೊಳಗೆ ಹಾಕುವ ಕೇಬಲ್‌ನಲ್ಲೇ ನಾಲ್ಕು ವೈರ್ ಇರುವ ದಪ್ಪದ್ದು ಅಂಗಡಿಯಲ್ಲಿದೆ. ಅದನ್ನೇ ಪಿವಿಸಿ ಪೈಪ್‌ನಲ್ಲಿ ತೂರಿಸಿ ಹೂತರೆ ಆಗುತ್ತಾ? ಎಷ್ಟು ಆಳ?

ಜರ್ಸಿ_ವೈರಿಂಗ್

ಆ ಕೇಬಲ್ ಬೇಡವೇ ಬೇಡ. ಅದು ಒಣ ಜಾಗಕ್ಕೆ ಮಾಡಿದ್ದು. ನೆಲದೊಳಗಿನ ಪೈಪ್ ಎಷ್ಟೇ ಗಟ್ಟಿ ಅಂಟಿಸಿದರೂ ಒಳಗೆ ನೀರು ಸೇರುತ್ತದೆ. ಹೊರಗೂ ಒಳಗೂ ಇರುವ ಬಿಸಿ ವ್ಯತ್ಯಾಸಕ್ಕೆ ಹನಿಗಟ್ಟುತ್ತದೆ. ಹಾಗಾಗಿ ಹೂತ ಪೈಪ್‌ನ ಒಳಗನ್ನೂ ಕೋಡ್ ಒದ್ದೆ ಜಾಗ ಎಂದೇ ಎಣಿಸುತ್ತದೆ. ಪೈಪ್ ಒಳಗೆ ಟಿಎಚ್‌ಡಬ್ಲ್ಯೂಎನ್ (ಒದ್ದೆ ಜಾಗಕ್ಕೂ ಆಗುವ ಬಗೆ) ಎಂದು ಅಚ್ಚಾಗಿರುವ ಬಿಡಿ ವೈರ್‌ಗಳನ್ನು ಎಳೆಯಿರಿ.

60 ಆಂಪಿಯರ್‌ಗೆ 6 ಗೇಜ್ ತಾಮ್ರ: ಕಪ್ಪು, ಕೆಂಪು, ಬಿಳಿ. ಗ್ರೌಂಡ್‌ಗೆ 10 ಗೇಜ್ ಹಸಿರು ಸಾಕು. ಮೂರು ರೋಲ್ ಕಪ್ಪು ಅಗ್ಗಕ್ಕೆ ಸಿಕ್ಕಿತು, ತುದಿಗೆ ಬಿಳಿ ಟೇಪ್ ಸುತ್ತುತ್ತೇನೆ ಎನ್ನುವವರಿದ್ದಾರೆ. 4 ಗೇಜ್ ಮತ್ತು ಅದಕ್ಕಿಂತ ದಪ್ಪದ ವೈರ್‌ಗೆ ಅದು ನಡೆಯುತ್ತದೆ. 6 ಗೇಜ್‌ಗೆ ನಡೆಯುವುದಿಲ್ಲ, ಉದ್ದಕ್ಕೂ ಬಿಳಿಯೇ ಇರಬೇಕು. 80 ಅಡಿಗೆ ವೋಲ್ಟೇಜ್ ಇಳಿತದ ಚಿಂತೆ ಬೇಡ, 40 ಆಂಪಿಯರ್ ಎಳೆದರೂ 240ರಲ್ಲಿ 3 ವೋಲ್ಟ್ ಚಿಲ್ಲರೆ.

ಮುಂದೆ 100 ಆಂಪಿಯರ್ ಮಾಡುವುದಾದರೆ 3 ಗೇಜ್ ತಾಮ್ರ, ಇಲ್ಲವೇ 1 ಗೇಜ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಹೆಸರು ಕೇಳಿ ಹೆದರಬೇಡಿ. ಕೆಟ್ಟ ಹೆಸರು ಬಂದದ್ದು 1960–70ರ ದಶಕದಲ್ಲಿ ಪ್ಲಗ್ ಸ್ವಿಚ್‌ಗಳಿಗೆ ಹಾಕಿದ ಸಣ್ಣ ಅಲ್ಯೂಮಿನಿಯಂ ವೈರ್‌ಗಳಿಗೆ. ದಪ್ಪ ಫೀಡರ್‌ಗೆ ಅದು ಚೆನ್ನಾಗಿಯೇ ಇದೆ, ಲಗ್ ಅದಕ್ಕೆ ಒಪ್ಪುವಂಥದ್ದಾಗಿರಬೇಕು, ಅಷ್ಟೇ. ಆಗ ಗ್ರೌಂಡ್ ವೈರ್ 8 ಗೇಜ್ ತಾಮ್ರ ಅಥವಾ 6 ಗೇಜ್ ಅಲ್ಯೂಮಿನಿಯಂ. ಈಗಲೇ ಒಂದೂಕಾಲು ಇಂಚಿನ ಪೈಪ್ ಹೂತರೆ ಅದಕ್ಕೂ ಜಾಗ ಇರುತ್ತದೆ. ಅಕ್ಕ ಹೇಳಿದ್ದು ಸರಿ.

ಆಳ: ಪಿವಿಸಿ ಪೈಪ್ ಆದರೆ ಅದರ ಮೇಲ್ಭಾಗದಿಂದ ನೆಲಕ್ಕೆ 18 ಇಂಚು ಮಣ್ಣಿರಬೇಕು. ಪೈಪ್ ಇಲ್ಲದೆ ಕೇಬಲನ್ನೇ ಹೂತರೆ 24. ದಪ್ಪ ಕಬ್ಬಿಣದ ಪೈಪ್ ಆದರೆ 6 ಇಂಚೇ ಸಾಕು, ಬಂಡೆ ಸಿಕ್ಕಿದ ಕಡೆ ಜನ ಅದಕ್ಕೆ ಹೋಗುತ್ತಾರೆ. ನೆಲದಿಂದ ಮೇಲೆ ಬಂದು ಪೆಟ್ಟು ಬೀಳುವಂಥ ಕಡೆ ದಪ್ಪ ಗೋಡೆಯ, ಶೆಡ್ಯೂಲ್ 80 ಪೈಪ್ ಹಾಕಿ. ಓಹಾಯೋದಲ್ಲಿ ಚಳಿಗೆ ನೆಲ ಉಬ್ಬಿ ಇಳಿಯುತ್ತದೆ. ಗೋಡೆಗೆ ಏರುವ ಕಡೆ ಜಾರುವ ಜೋಡಣೆ ಹಾಕದಿದ್ದರೆ ಪೈಪ್ ಡಬ್ಬದಿಂದ ಕಳಚಿಕೊಳ್ಳುತ್ತದೆ.

ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ಬಂದು ಗ್ಯಾಸು, ಕರೆಂಟು, ಫೋನ್ ಲೈನ್ ಎಲ್ಲಿ ಹೋಗಿದೆ ಅಂತ ಬಣ್ಣದಲ್ಲಿ ಗುರುತು ಹಾಕುತ್ತಾರೆ, ದುಡ್ಡಿಲ್ಲ. ಅದೇ ಕಾಲುವೆಯಲ್ಲಿ ಇಂಟರ್‌ನೆಟ್‌ಗೆ ಇನ್ನೊಂದು ಖಾಲಿ ಪೈಪ್ ಹಾಕಿಡಿ. ಕರೆಂಟ್ ಪೈಪ್‌ನಲ್ಲಿ ಡೇಟಾ ಕೇಬಲ್ ಸೇರಿಸುವಂತಿಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರಕ್ಕಿಂತ ಫೈಬರ್ ವಾಸಿ, ಸಿಡಿಲು ಅದರ ಮೇಲೆ ನಡೆದು ಬರುವುದಿಲ್ಲ.

ಡಲ್ಲಾಸ್_ಹಾವೇರಿ

ಇದನ್ನೆಲ್ಲ ಓದಿ ಎದೆ ಢವಢವ ಅಂತಿದೆ. ನಾವು ಕೊಂಡ ಹಳೆ ಮನೆಯ ಗ್ಯಾರೇಜಿಗೆ ಮೂರೇ ವೈರ್ ಬಂದಿದೆ. ಅಲ್ಲಿ ನ್ಯೂಟ್ರಲ್ಲೂ ಗ್ರೌಂಡೂ ಒಂದೇ ಬಾರ್‌ನಲ್ಲಿವೆ. ನಾಳೆ ಹೋಗಿ ಎರಡನ್ನೂ ಬೇರೆ ಮಾಡಿಬಿಡಲಾ?

ಜರ್ಸಿ_ವೈರಿಂಗ್

ದಯವಿಟ್ಟು ಹಾಗೆ ಮಾಡಬೇಡಿ! ಕೈ ಹಚ್ಚುವ ಮುಂಚೆ ಇದನ್ನು ಪೂರ್ತಿ ಓದಿ.

ನಿಮ್ಮಲ್ಲಿ ನಾಲ್ಕನೇ ವೈರ್ ಇಲ್ಲ. ಗ್ಯಾರೇಜಿನ ಲೋಹಕ್ಕೆಲ್ಲ ವಾಪಸ್ ದಾರಿ ಅಂತ ಈಗ ಇರುವುದು ಆ ನ್ಯೂಟ್ರಲ್ ಒಂದೇ. ಅದರಿಂದ ಗ್ರೌಂಡ್ ಬಿಡಿಸಿದರೆ ಉಳಿಯುವುದು ಮಣ್ಣಿನ ದಾರಿ, ಅದೇ 4.8 ಆಂಪಿಯರ್ ಲೆಕ್ಕ. ಈಗ ಇರುವುದಕ್ಕಿಂತ ಕೆಟ್ಟದ್ದಾಗುತ್ತದೆ. ಮೂರು ವೈರ್ ಇದ್ದರೆ ಸೇರಿರಬೇಕು, ನಾಲ್ಕು ವೈರ್ ಇದ್ದರೆ ಬೇರೆ ಇರಬೇಕು. ಅರ್ಧಂಬರ್ಧ ಯಾವುದೂ ಸಲ್ಲದು.

ಬೇರೆ ಕಟ್ಟಡಕ್ಕೆ ಮೂರು ವೈರ್ ಎಳೆಯಲು ಮೊದಲು ಅವಕಾಶ ಇತ್ತು. 2008ರ ಕೋಡ್ ಹೊಸ ಕೆಲಸಕ್ಕೆ ಅದನ್ನು ನಿಲ್ಲಿಸಿತು. ಹಳೆಯದನ್ನು ಷರತ್ತಿನ ಮೇಲೆ ಉಳಿಸಿಕೊಳ್ಳಬಹುದು. ಆ ಷರತ್ತುಗಳಲ್ಲಿ ಮುಖ್ಯವಾದದ್ದು, ಎರಡು ಕಟ್ಟಡಗಳ ನಡುವೆ ಗ್ರೌಂಡಿಗೆ ಸೇರಿದ ಬೇರೆ ಲೋಹದ ಸಂಪರ್ಕ ಇರಬಾರದು: ಲೋಹದ ನೀರಿನ ಪೈಪು, ಗ್ಯಾಸ್ ಪೈಪು, ಟಿವಿ ಕೇಬಲಿನ ಹೊರಜಾಲರಿ, ಯಾವುದೂ. ಇದ್ದರೆ ನ್ಯೂಟ್ರಲ್ ಕರೆಂಟ್ ಅದರ ಮೇಲೂ ಹರಿಯುತ್ತದೆ. ಗ್ಯಾಸ್ ಪೈಪಿನ ಮೇಲೆ ದಿನವೂ ಕರೆಂಟ್ ಹರಿಯುವುದು ಯಾರಿಗೆ ಬೇಕು? ಮೊದಲು ಅದನ್ನು ನೋಡಿ ಹೇಳಿ. ಸುಮ್ಮನೆ ಕಣ್ಣಲ್ಲಿ ನೋಡಿ, ಏನೂ ಬಿಚ್ಚಬೇಡಿ.

ಮಿಷಿಗನ್_ಅಕ್ಕ

ಒಂದು ವಿಷಯ ಯಾರೂ ಹೇಳಲಿಲ್ಲ. ಮನೆಯ ಮೇನ್ ಬ್ರೇಕರ್ ಆಫ್ ಮಾಡಿದರೂ ಮೀಟರ್‌ನಿಂದ ಬರುವ ದಪ್ಪ ವೈರ್ ಮತ್ತು ಅದರ ಲಗ್ ಲೈವ್ ಆಗಿಯೇ ಇರುತ್ತವೆ, ಅಲ್ವಾ? ನಮ್ಮ ಮನೆಗೆ ಬಂದವರು ಮುಚ್ಚಳ ತೆಗೆದ ತಕ್ಷಣ ನನಗೆ ಮೊದಲು ತೋರಿಸಿದ್ದೇ ಅದನ್ನು.

ಜರ್ಸಿ_ವೈರಿಂಗ್

ಹೌದು ಮೇಡಂ, ಒಳ್ಳೆ ಕೆಲಸಗಾರರು ಬಂದಿದ್ದಾರೆ. ಆ ಲಗ್‌ಗೆ ಕರೆಂಟ್ ನಿಲ್ಲಿಸುವುದು ವಿದ್ಯುತ್ ಕಂಪನಿಯವರಿಂದ ಮಾತ್ರ ಸಾಧ್ಯ. ಅದಕ್ಕೇ ತೀರ್ಥಹಳ್ಳಿಯವರಿಗೆ ನನ್ನ ಸಲಹೆ: ಕಾಲುವೆ, ಪೈಪು, ರಾಡು, ಗ್ಯಾರೇಜಿನ ಒಳಗಿನ ವೈರಿಂಗ್ ಬೇಕಾದರೆ ನೀವೇ ಮಾಡಿ. ಮನೆಯ ಮೇನ್ ಪ್ಯಾನೆಲ್ ಒಳಗಿನ ಜೋಡಣೆಗೆ ಲೈಸೆನ್ಸ್ ಇರುವವರನ್ನು ಕರೆಯಿರಿ. ಪರ್ಮಿಟ್ ತಗೊಳ್ಳಿ. ಎಷ್ಟೋ ಕಡೆ ತಾನೇ ವಾಸವಿರುವ ಮನೆಗೆ ಮಾಲೀಕನೇ ಪರ್ಮಿಟ್ ತಗೊಳ್ಳಬಹುದು, ನಿಮ್ಮ ಕೌಂಟಿಯಲ್ಲಿ ಕೇಳಿ. ನಿಮ್ಮಲ್ಲಿ ಯಾವ ವರ್ಷದ ಕೋಡ್ ನಡೆಯುತ್ತಿದೆ ಎನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ಕಾಲುವೆ ಮುಚ್ಚುವ ಮುಂಚೆ ಇನ್‌ಸ್ಪೆಕ್ಟರ್ ನೋಡಬೇಕು, ಮುಚ್ಚಿಬಿಟ್ಟರೆ ತೆಗೆಸುತ್ತಾರೆ.

ಗ್ಯಾರೇಜಿಗೆ ಮೇನ್ ಬ್ರೇಕರ್ ಇರುವ ಪ್ಯಾನೆಲ್ಲೇ ತಗೊಳ್ಳಿ, ಬೇರೆ ಕಟ್ಟಡದಲ್ಲಿ ಕರೆಂಟ್ ನಿಲ್ಲಿಸುವ ಸ್ವಿಚ್ ಇರಬೇಕು. ಅದು 100 ಆಂಪಿಯರ್‌ನದಾಗಿದ್ದರೂ ಪರವಾಗಿಲ್ಲ. ವೈರ್ ಕಾಯುವುದು ಮನೆಯಲ್ಲಿರುವ 60ರದ್ದು. ಪ್ಯಾನೆಲ್ ಮುಂದೆ 30 ಇಂಚು ಅಗಲ, 36 ಇಂಚು ಆಳ ಖಾಲಿ ಜಾಗ ಯಾವಾಗಲೂ ಇರಬೇಕು, ಅಲ್ಲಿ ಮರದ ಹಲಗೆ ಪೇರಿಸಬೇಡಿ. ಗ್ಯಾರೇಜಿನ ಪ್ಲಗ್‌ಗಳಿಗೆ ಜಿಎಫ್‌ಸಿಐ ಬೇಕು. ನಮ್ಮೂರ ಆರ್‌ಸಿಸಿಬಿಯ ತಮ್ಮ ಅದು, 4ರಿಂದ 6 ಮಿಲಿ ಆಂಪಿಯರ್‌ಗೇ ಬೀಳುತ್ತದೆ. 2020ರ ಕೋಡ್‌ನಿಂದ 240 ವೋಲ್ಟಿನ ಪ್ಲಗ್‌ಗಳಿಗೂ ಅದು ಬಂದಿದೆ.

ಲಗ್‌ಗಳನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ. ಎಷ್ಟು ಬಿಗಿ ಇರಬೇಕು ಎಂದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ, ಟಾರ್ಕ್ ಸ್ಕ್ರೂಡ್ರೈವರ್‌ನಿಂದ ಅಷ್ಟಕ್ಕೇ ಬಿಗಿಯಬೇಕು. ನಾನು ನೋಡಿದ ಸುಟ್ಟ ಪ್ಯಾನೆಲ್‌ಗಳಲ್ಲಿ ಸುಟ್ಟಿದ್ದು ಬಹುಪಾಲು ಲಗ್ ಹತ್ತಿರವೇ. ನ್ಯೂಟ್ರಲ್ ವೈರ್‌ಗಳನ್ನು ಒಂದು ತೂತಿಗೆ ಒಂದರಂತೆ ಹಾಕಿ. ಫೀಡರ್‌ನ ನ್ಯೂಟ್ರಲ್ ಸಡಿಲವಾದರೆ 120 ವೋಲ್ಟಿನ ಉಪಕರಣಗಳೆಲ್ಲ 240ಕ್ಕೆ ಸಾಲಾಗಿ ಕೂತಂತಾಗುತ್ತದೆ. ಒಂದಕ್ಕೆ 60 ವೋಲ್ಟ್ ಬಂದರೆ ಇನ್ನೊಂದಕ್ಕೆ 180 ಬಂದು ಸುಡುತ್ತದೆ.

ತೀರ್ಥಹಳ್ಳಿ_ಓಹಾಯೋ

ಕೆಲಸ ಮುಗಿಯಿತು, ಇನ್‌ಸ್ಪೆಕ್ಷನ್ ಕೂಡ ಆಯಿತು. ಪೈಪು ಮತ್ತು ರಾಡು ನಾನು ಹಾಕಿದೆ, ಎರಡೂ ಪ್ಯಾನೆಲ್ ಜೋಡಣೆಯನ್ನು ಇಲ್ಲಿಯ ಎಲೆಕ್ಟ್ರಿಷಿಯನ್ ಮಾಡಿದರು. ನ್ಯೂಟ್ರಲ್ಲೂ ಗ್ರೌಂಡೂ ಬೇರೆ ಇವೆಯೋ ಇಲ್ಲವೋ ಅಂತ ಅವರು ಪರೀಕ್ಷೆ ಮಾಡಿ ತೋರಿಸಿದ ರೀತಿ ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮೀಟರ್ ಹಿಡಿದು ಗ್ಯಾರೇಜಿನ ನ್ಯೂಟ್ರಲ್ ಬಾರ್‌ಗೂ ಡಬ್ಬಕ್ಕೂ ನಡುವೆ ಅಳೆದರೆ ಸೊನ್ನೆ ಓಮ್ ಬಂತು. ನನಗೆ ಗಾಬರಿ. ಅವರು ಹೇಳಿದರು, ಎರಡೂ ಮನೆಯ ಪ್ಯಾನೆಲ್‌ನಲ್ಲಿ ಕೂಡಿವೆಯಲ್ಲ, ಸುತ್ತಿಕೊಂಡು ಬಂದು ಸೊನ್ನೆಯೇ ತೋರಿಸುತ್ತದೆ. ಮನೆಯ ಕಡೆ ಫೀಡರ್ ಬ್ರೇಕರ್ ಆಫ್ ಮಾಡಿ, ಕರೆಂಟ್ ಇಲ್ಲ ಎಂದು ಅಳೆದು ಖಚಿತ ಮಾಡಿಕೊಂಡು, ಗ್ಯಾರೇಜಿಗೆ ಬಂದ ಬಿಳಿ ವೈರನ್ನು ಲಗ್‌ನಿಂದ ಬಿಡಿಸಿ ಮತ್ತೆ ಅಳೆದರು. ಆಗ ಸಂಪರ್ಕವೇ ಇಲ್ಲ ಅಂತ ಬಂತು. ಅದನ್ನು ನೋಡಿದಮೇಲೆ ಬಿಳಿ ವೈರ್ ವಾಪಸ್ ಬಿಗಿದರು. ಕರೆಂಟ್ ಹಾಕಿ ಟೇಬಲ್ ಸಾ ಓಡಿಸಿ ಕ್ಲಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವುದು) ಹಿಡಿದರು. ಕಪ್ಪು ವೈರ್‌ನಲ್ಲಿ ಎಷ್ಟೋ ಬಿಳಿಯಲ್ಲೂ ಅಷ್ಟೇ. ಹಸಿರಿನಲ್ಲಿ ಸೊನ್ನೆ.

ಒಂಟಿಕೊಪ್ಪಲ್

ಬಹಳ ಸಂತೋಷ. ಹಸಿರಿನಲ್ಲಿ ಸೊನ್ನೆ ಬಂದದ್ದು ನೋಡಿದರೆ ಕೆಲಸ ಅಚ್ಚುಕಟ್ಟಾಗಿದೆ.

ಡಲ್ಲಾಸ್_ಹಾವೇರಿ

ಜರ್ಸಿಯವರೇ, ನೋಡಿದೆ. ಮನೆಯಿಂದ ಗ್ಯಾರೇಜಿನ ಹೀಟರ್‌ಗೆ ಲೋಹದ ಗ್ಯಾಸ್ ಪೈಪ್ ಹೋಗಿದೆ. ಫೀಡರ್ ವೈರ್‌ಗಳು ಪಿವಿಸಿ ಪೈಪ್‌ನಲ್ಲಿ ಬಂದಿವೆ, ಬ್ರೇಕರ್ 60. ಮನೆಯ ಕಡೆ ಪೈಪ್ ಬಾಯಿಯಲ್ಲಿ ಇಣುಕಿದರೆ ಜಾಗ ಇರುವ ಹಾಗಿದೆ.

ಜರ್ಸಿ_ವೈರಿಂಗ್

ಹಾಗಾದರೆ ಹಳೆಯ ಮೂರು ವೈರ್ ಉಳಿಸಿಕೊಳ್ಳುವ ವಿನಾಯಿತಿ ನಿಮಗೆ ಸಿಗುವುದಿಲ್ಲ, ನಾಲ್ಕನೇ ವೈರ್ ಎಳೆಸಲೇಬೇಕು. ಅದೃಷ್ಟಕ್ಕೆ ಪೈಪ್ ಇದೆ, ನೆಲ ಅಗೆಯುವುದು ತಪ್ಪಿತು. ಎಲೆಕ್ಟ್ರಿಷಿಯನ್ ಕರೆದು ಪೈಪ್‌ನಲ್ಲಿ ಜಾಗ ಲೆಕ್ಕ ಹಾಕಿಸಿ, 10 ಗೇಜ್ ಹಸಿರು ತಾಮ್ರ ಎಳೆಸಿ. ಹಳೆ ವೈರ್‌ಗಳ ಪಕ್ಕದಲ್ಲಿ ತೂರಿಸುವಾಗ ಅವುಗಳ ಮೇಲ್ಪದರ ಸುಲಿಯಬಹುದು. ಹಳೆಯವು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಲ್ಲವನ್ನೂ ಹೊರಗೆಳೆದು ನಾಲ್ಕೂ ಹೊಸದು ಹಾಕಿಸುವುದೇ ಒಳ್ಳೆಯದು.

ಹಸಿರು ವೈರ್ ಎರಡೂ ತುದಿಗೆ ಸೇರಿದ ದಿನವೇ ಗ್ಯಾರೇಜಿನಲ್ಲಿ ಹೊಸ ಗ್ರೌಂಡ್ ಬಾರ್ ಹಾಕಿ, ಬರಿ ತಾಮ್ರದ ವೈರ್‌ಗಳನ್ನೆಲ್ಲ ನ್ಯೂಟ್ರಲ್ ಬಾರ್‌ನಿಂದ ಅಲ್ಲಿಗೆ ಸಾಗಿಸಬೇಕು. ರಾಡ್‌ನ ವೈರೂ ಅಲ್ಲಿಗೇ. ಕೊನೆಗೆ ನ್ಯೂಟ್ರಲ್ ಬಾರ್‌ನಿಂದ ಡಬ್ಬಕ್ಕೆ ಹೋಗಿರುವ ಸ್ಕ್ರೂ ಅಥವಾ ಪಟ್ಟಿ ತೆಗೆಸಿ. ಹಳೆ ಪ್ಯಾನೆಲ್‌ಗಳಲ್ಲಿ ಅದು ವೈರ್‌ಗಳ ಹಿಂದೆ ಅಡಗಿರುತ್ತದೆ, ಟಾರ್ಚ್ ಹಿಡಿದು ಹುಡುಕಬೇಕು. ಇದೆಲ್ಲ ಆದಮೇಲೆ ತೀರ್ಥಹಳ್ಳಿಯವರು ಬರೆದ ಎರಡೂ ಪರೀಕ್ಷೆ ಮಾಡಿಸಿ. ಜೊತೆಗೆ ಕ್ಲಾಂಪ್ ಮೀಟರನ್ನು ಗ್ಯಾಸ್ ಪೈಪಿಗೂ ಒಮ್ಮೆ ಹಿಡಿಸಿ ನೋಡಿ. ಅಲ್ಲಿ ಏನಾದರೂ ಕರೆಂಟ್ ತೋರಿಸಿದರೆ ಎಲ್ಲೋ ಇನ್ನೂ ನ್ಯೂಟ್ರಲ್ ಗ್ರೌಂಡ್ ಕೂಡಿದೆ ಅಂತ. ಹೀಟರ್ ಡಬ್ಬದ ಒಳಗೇ ಯಾರೋ ಸೇರಿಸಿರಬಹುದು, ಅಲ್ಲಿಂದ ಹುಡುಕಲು ಶುರು ಮಾಡಿ.